ತರಗು ಬೆಂಕಿ ಆರಿದ ಮೇಲೆ

ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ಘಾಟಿ ಹತ್ತತೊಡಗಿದರೆ ಸ್ವಲ್ಪ ಹೊತ್ತಿಗೇ ರಸ್ತೆಯ ಎರಡೂ ಬದಿಗೆ ಆಳೆತ್ತರದ ಹಸಿರು ಗೋಡೆ ಎದ್ದು ನಿಲ್ಲುತ್ತದೆ. ಮಳೆಗಾಲ ಮುಗಿದ ತಿಂಗಳುಗಳಲ್ಲಂತೂ ಆ ಗೋಡೆಯ ತುಂಬ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲುಗಳು, ಅವುಗಳ ಮೇಲೆ ಚಿಟ್ಟೆಗಳು. ಬೆಂಗಳೂರು, ಮೈಸೂರುಗಳಿಂದ ಬಂದವರು ಕಿಟಕಿಯಿಂದಲೇ ನೋಡಿ, ಎಷ್ಟು ದಟ್ಟವಾದ ಕಾಡು ಎಂದು ಸಂತೋಷಪಡುತ್ತಾರೆ. ಮೊದಲ ಸಲ ಹೋದಾಗ ನಾನೂ ಹಾಗೇ ಸಂತೋಷಪಟ್ಟವನು. ಗಾಡಿಯಿಂದಿಳಿದು ಕೂತು ಬುಡ ನೋಡಿದರೆ ಬೇರೆಯೇ ಚಿತ್ರ. ಮುಳ್ಳು ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಕೆಳಗೆ ಕತ್ತಲು, ಆ ಕತ್ತಲಲ್ಲಿ ಹುಲ್ಲಿನ ಒಂದು ಎಸಳೂ ಇಲ್ಲ. ಜಿಂಕೆ, ಕಡವೆ, ಕಾಟಿ ಬಾಯಿ ಹಾಕುವಂಥದ್ದು ಅಲ್ಲೇನೂ ಇಲ್ಲ.

ಗಿಡದ ಹೆಸರು ಲಂಟಾನ. ಕೆಲವು ಕಡೆ ರೋಜದ ಗಿಡ, ಕೆಲವು ಕಡೆ ಚದುರಂಗಿ. ಹಳ್ಳಿಯಲ್ಲಿ ಬೆಳೆದ ನಮ್ಮಲ್ಲಿ ಹೆಚ್ಚಿನವರು ಇದರ ಕಪ್ಪು ಹಣ್ಣನ್ನು ಬಾಯಿಗೆ ಹಾಕಿಕೊಂಡವರೇ, ಹೂ ಕಿತ್ತು ಒಂದರೊಳಗೊಂದು ಪೋಣಿಸಿ ಸರ ಮಾಡಿದವರೇ. ಮೊಗ್ಗು ಬಿರಿದಾಗ ಹೂ ಹಳದಿ. ಪರಾಗಸ್ಪರ್ಶ ಆದ ಮೇಲೆ ಕೆಂಪಿಗೋ ಗುಲಾಬಿಗೋ ತಿರುಗುತ್ತದೆ. ಮಕರಂದ ಎಲ್ಲಿ ಉಳಿದಿದೆ ಎಂಬುದು ಚಿಟ್ಟೆಗೆ ಆ ಬಣ್ಣದಿಂದಲೇ ಗೊತ್ತಾಗುತ್ತದೆ. ಈ ಚೆಲುವೇ ಅದನ್ನು ಇಲ್ಲಿಗೆ ತಂದದ್ದು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡವನ್ನು ಯುರೋಪಿನ ತೋಟಗಾರರು ತಳಿ ಬೆರೆಸಿ ಬಗೆಬಗೆಯ ಬಣ್ಣಗಳಲ್ಲಿ ಬೆಳೆಸಿದರು. 19ನೇ ಶತಮಾನದ ಮೊದಲ ದಶಕದಲ್ಲಿ ಅದು ಅಲಂಕಾರದ ಗಿಡವಾಗಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಪಿಕಳಾರ, ಗೊರವಂಕಗಳ ಹೊಟ್ಟೆಗೆ, ಅಲ್ಲಿಂದ ಕಾಡಿಗೆ. ಒಂದು ಗಿಡ ವರ್ಷಕ್ಕೆ 12,000 ಹಣ್ಣುಗಳವರೆಗೆ ಬಿಡಬಲ್ಲದು.

ಬಿಳಿಗಿರಿರಂಗನ ಬೆಟ್ಟದ ಕಥೆಯನ್ನೇ ನಾನು ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ಈ ಗಿಡ ಹೇಗೆ ಹಬ್ಬಿತು ಎಂಬುದಕ್ಕೆ ಎಣಿಸಿದ ಲೆಕ್ಕವಿದೆ. 1997ರಲ್ಲಿ ಆ ಕಾಡಿನುದ್ದಕ್ಕೂ ಗುರುತು ಮಾಡಿ ಗಿಡಮರಗಳನ್ನು ಎಣಿಸಲಾಗಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿದ್ದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2008ರಲ್ಲಿ ಅಂಥ 134 ಜಾಗಗಳಿಗೆ ಮತ್ತೆ ಹೋಗಿ ಎಣಿಸಿದರು. ಹನ್ನೊಂದು ವರ್ಷದ ಹಿಂದೆ ನೂರರಲ್ಲಿ 41 ಜಾಗಗಳಲ್ಲಿ ಮಾತ್ರ ಇದ್ದ ಲಂಟಾನ ಈಗ 81ರಲ್ಲಿತ್ತು. 1997ರಲ್ಲಿ ಕಾಡಿನ ಇಪ್ಪತ್ತು ಕಾಂಡಗಳನ್ನು ಎಣಿಸಿದರೆ ಒಂದು ಲಂಟಾನದ್ದು. 2008ರಲ್ಲಿ ಮೂರು ಎಣಿಸಿದರೆ ಒಂದು. ಒಂದು ಮಗು ಹುಟ್ಟಿ ಐದನೇ ತರಗತಿಗೆ ಬರುವಷ್ಟರಲ್ಲಿ ಆದ ಬದಲಾವಣೆ ಇದು.

ಆ ಮರು ಎಣಿಕೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ದೊಡ್ಡ ಮರಗಳು ಇದ್ದಲ್ಲೇ ಇದ್ದವು. ಇಲ್ಲವಾಗುತ್ತಿದ್ದದ್ದು ಎಳೆಯವು. ಬೀಟೆ, ಹೊನ್ನೆ, ನೆಲ್ಲಿಯಂಥ ಮರಗಳ ಸಸಿ ಏಳಬೇಕಾದರೆ ಅದಕ್ಕೆ ನೆಲದ ಮಟ್ಟದಲ್ಲಿ ಬಿಸಿಲು ಬೇಕು. ಲಂಟಾನದ ಹೊದರಿನಡಿ ಅದು ಸಿಗುವುದಿಲ್ಲ. ಹೀಗಾಗಿ ದೂರದಿಂದ ನೋಡುವವರಿಗೆ ಕಾಡು ಕಾಡಾಗಿಯೇ ಕಾಣುತ್ತದೆ. ಅಜ್ಜ ಅಜ್ಜಿಯರು ಮಾತ್ರ ಉಳಿದು ಮಕ್ಕಳೇ ಇಲ್ಲದ ಊರಿನಂತೆ ಅದು ಒಳಗೊಳಗೇ ಮುಪ್ಪಾಗುತ್ತಿರುತ್ತದೆ. ಹುಲ್ಲು ಹೋದರೆ ಜಿಂಕೆ, ಕಾಟಿಗಳ ಮೇವು ಹೋಯಿತು, ಅವನ್ನು ನಂಬಿದ ಹುಲಿಯ ಊಟವೂ ಹೋಯಿತು. ಲಂಟಾನದ ಎಲೆಯನ್ನು ಹಸಿವು ತಾಳದೆ ತಿಂದ ದನಕ್ಕೆ ಯಕೃತ್ತು ಕೆಟ್ಟು ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಬಿರಿಯುತ್ತದೆ. ದೇಶದ ಹುಲಿ ಕಾಡುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪ್ರದೇಶಕ್ಕೆ ಲಂಟಾನ ನುಗ್ಗಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಇಂಥ ಗಿಡವನ್ನು ಕಳೆ ಎನ್ನುವಾಗಲೂ ಸ್ವಲ್ಪ ತಡೆದು ಯೋಚಿಸಬೇಕು. ಹಳೆ ಮೈಸೂರಿನ ರಾಗಿ ಹೊಲದಲ್ಲಿ ಕಳೆ ತೆಗೆಯಲು ಹೋದ ಹೆಂಗಸರು ಬರಿಗೈಲಿ ಮನೆಗೆ ಬರುವುದಿಲ್ಲ. ಅಣ್ಣೆಸೊಪ್ಪು, ಹೊನಗೊನೆ, ಗಣಿಕೆ, ಕಿರಕಸಾಲೆ ಎಲ್ಲ ಸೆರಗಿನಲ್ಲಿ ಸೇರಿ ರಾತ್ರಿಗೆ ಬೆರಕೆ ಸೊಪ್ಪಿನ ಉಪ್ಸಾರಾಗುತ್ತದೆ. ರಾಗಿಯ ಪಾಲಿನ ನೀರು ಕುಡಿಯುವಾಗ ಕಳೆ, ಮಡಕೆಗೆ ಬಿದ್ದಾಗ ಸೊಪ್ಪು. ಅಲ್ಲಿ ಕಳೆ ಎನ್ನುವುದು ಗಿಡದ ಜಾತಿಯಲ್ಲಿ ಇರಲಿಲ್ಲ, ಜಾಗದಲ್ಲಿ ಇತ್ತು. ಅದು ಹದ್ದು ಮೀರದ ಹಾಗೆ ವರ್ಷಕ್ಕೆರಡು ಸಲ ಹೊಲಕ್ಕೆ ಇಳಿಯುವ ಕೈಗಳಿದ್ದವು. ಈ ಮಾತನ್ನು ನೆನಪಿಟ್ಟುಕೊಂಡೇ ಕಾಡಿಗೆ ಹೋಗೋಣ. ಕಾಡಿಗೂ ಅಂಥ ಕೈಗಳು ಇದ್ದವೇ? ಇದ್ದವು ಎನ್ನುವುದೇ ಈ ಬರಹದ ತಿರುಳು.

ಅದಕ್ಕೆ ಮೊದಲು, ಲಂಟಾನವನ್ನು ಮಣಿಸಲು ನಡೆದ ಪ್ರಯತ್ನಗಳನ್ನು ನೋಡಬೇಕು. ಅವು ಇಂದು ನಿನ್ನೆಯವಲ್ಲ. ಕೊಡಗಿನಲ್ಲಿ ಇದರ ಕಾಟ ಎಷ್ಟು ಹೆಚ್ಚಿತ್ತೆಂದರೆ ಹಾನಿಕರ ಕಳೆಗಳ ಮೇಲೆ 1914ರಲ್ಲೇ ಅಲ್ಲಿಗೆಂದು ಕಾನೂನು ಬಂತು. ಯಾವುದಾದರೂ ನಮ್ಮ ಕೀಟ ಇದನ್ನು ತಿಂದು ಹತೋಟಿಗೆ ತರಬಹುದೇ ಎಂದು ತಿಳಿಯಲು ಕೀಟಶಾಸ್ತ್ರಜ್ಞ ವೈ. ರಾಮಚಂದ್ರರಾವ್ ದೇಶವೆಲ್ಲ ಹುಡುಕಾಡಿ 1920ರಲ್ಲಿ ವರದಿ ಕೊಟ್ಟರು. ಲಂಟಾನದ ಮೇಲೆ ಬದುಕುವ ನೂರಕ್ಕೂ ಹೆಚ್ಚು ಬಗೆಯ ಕೀಟಗಳು ಸಿಕ್ಕವು. ಅದನ್ನು ಬಗ್ಗಿಸುವಂಥದ್ದು ಒಂದೂ ಸಿಗಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ಒಂದು ತಿಗಣೆಯನ್ನು ತರಿಸಲಾಯಿತು. ಅದು ತೇಗದ ಹೂವನ್ನೂ ಹೀರುತ್ತದೆ ಎಂದು ಗೊತ್ತಾಗಿ ಬಿಡುಗಡೆ ಮಾಡದೆ ನಾಶಪಡಿಸಿದರು. ಹೇಗೋ ತಪ್ಪಿಸಿಕೊಂಡ ಆ ತಿಗಣೆ ಈಗ ದೇಶದಲ್ಲೆಲ್ಲ ಇದೆ. ಲಂಟಾನವೂ ಇದೆ.

ಕೀಟದಿಂದ ಕಳೆ ಗೆಲ್ಲುವುದು ಆಗದ ಕೆಲಸವೇನೂ ಅಲ್ಲ. ಪಾಪಾಸುಕಳ್ಳಿಯ ಕಥೆ ಕೇಳಿ. 1795ರಲ್ಲಿ ಕೆಂಪು ಬಣ್ಣ ತೆಗೆಯುವ ಹುಳುವೆಂದು ತಿಳಿದು ಬ್ರೆಜಿಲಿನಿಂದ ಒಂದು ಹುಳುವನ್ನು ಭಾರತಕ್ಕೆ ತಂದರು. ಅದು ಅಸಲಿ ಬಣ್ಣದ ಹುಳು ಆಗಿರಲಿಲ್ಲ, ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ಹೀರಿ ಹೀರಿ ಒಣಗಿಸಿತು. ಕೀಟದಿಂದ ಕಳೆ ಅಡಗಿದ್ದಕ್ಕೆ ಜಗತ್ತಿನಲ್ಲೇ ದಾಖಲಾದ ಮೊದಲ ಉದಾಹರಣೆ ಇದು, ಅದೂ ಬಯಸದೆ ಬಂದದ್ದು. ಆಮೇಲೆ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಹೊಲಗಳನ್ನು ಮುಚ್ಚಿದಾಗ 1926ರಲ್ಲಿ ಸಿಲೋನಿನಿಂದ ಅದರದೇ ಹುಳುವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ಬಯಲಾಯಿತು. ನಮ್ಮ ಕಾಂಗ್ರೆಸ್ ಗಿಡಕ್ಕೂ 1980ರ ದಶಕದಲ್ಲಿ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ರಸ್ತೆ ಬದಿಯ ಕಾಂಗ್ರೆಸ್ ಗಿಡದ ಎಲೆಯೆಲ್ಲ ಜಾಲರಿಯಾಗಿರುವುದನ್ನು ಕಂಡಿದ್ದರೆ ಅದು ಆ ದುಂಬಿಯ ಕೆಲಸ.

ಲಂಟಾನದ ಬಳಿ ಈ ಉಪಾಯ ಯಾಕೆ ನಡೆಯಲಿಲ್ಲ? ಹುಳುಗಳು ತಮ್ಮ ಊಟದ ವಿಚಾರದಲ್ಲಿ ಬಹಳ ನಿಷ್ಠುರ. ಅವು ಹುಟ್ಟಿನಿಂದ ಪಳಗಿದ ಗಿಡವನ್ನೇ ಹುಡುಕುತ್ತವೆ. ನಮ್ಮಲ್ಲಿರುವ ಲಂಟಾನ ಕಾಡಿನಲ್ಲಿ ತಾನಾಗಿ ರೂಪುಗೊಂಡ ಒಂದೇ ಜಾತಿಯಲ್ಲ. ತೋಟಗಾರರು ಬೆರೆಸಿದ, ಆಮೇಲೆ ತಾವೇ ಬೆರೆತ ನೂರಾರು ತಳಿಗಳ ಸಂತೆ. ಒಂದು ತಳಿಯನ್ನು ಮುಗಿಸಬಲ್ಲ ಹುಳು ಪಕ್ಕದ ಗಿಡವನ್ನು ಮೂಸಿಯೂ ನೋಡುವುದಿಲ್ಲ. ಎರಡು ಶತಮಾನಗಳಲ್ಲಿ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೂರೂ ದೇಶಗಳು ಕಡಿದು, ಸುಟ್ಟು, ವಿಷ ಹೊಡೆದು, ಹುಳು ಬಿಟ್ಟು ನೋಡಿವೆ. ಮೂರೂ ಕಡೆ ಗಿಡ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ ಎಂದು 2012ರ ಸಂಶೋಧನಾ ಲೇಖನವೊಂದು ತೋರಿಸಿತು. ಅದರ ಲೇಖಕರು ಕೊಟ್ಟ ಸಲಹೆ, ನಿರ್ಮೂಲನದ ಹಟ ಬಿಟ್ಟು ಇದರ ಜೊತೆ ಹೆಣಗುತ್ತ ಹೊಂದಿಕೊಳ್ಳುವ ದಾರಿ ಹುಡುಕಿ ಎಂಬುದು. ಓದಿದಾಗ ನನಗೆ ನಿರಾಶೆಯಾಗಿತ್ತು. ಬಿಳಿಗಿರಿಯ ಕಥೆ ತಿಳಿದ ಮೇಲೆ ಆ ಸಲಹೆಗೆ ಬೇರೆ ಅರ್ಥ ಬಂತು.

ಲಂಟಾನ ಈ ನಾಡಿಗೆ ಬಂದು ಇನ್ನೂರು ವರ್ಷ ದಾಟಿದೆ. ಹಾಗಿದ್ದರೆ ಬಿಳಿಗಿರಿಯನ್ನು ಈ ಪರಿ ನುಂಗಿದ್ದು ಕಳೆದ ಕೆಲವೇ ದಶಕಗಳಲ್ಲಿ ಯಾಕೆ? ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರನ್ನು ಕೇಳಿದರೆ ಅವರ ಉತ್ತರ ನೇರ. ತರಗು ಬೆಂಕಿ ನಿಂತಿತು, ಅದಕ್ಕೆ.

ತರಗೆಲೆಯನ್ನಷ್ಟೇ ಸುಡುವ ಬೆಂಕಿ ತರಗು ಬೆಂಕಿ. ಬೇಸಿಗೆಯ ಮೊದಲಲ್ಲೇ, ಎಲೆ ಉದುರಿ ಇನ್ನೂ ಪೂರ್ತಿ ಒಣಗದ ದಿನಗಳಲ್ಲಿ, ಸೋಲಿಗರು ಎಲೆ ಉದುರುವ ಕಾಡಿನ ನೆಲಕ್ಕೆ ಕಿಡಿ ತಾಗಿಸುತ್ತಿದ್ದರು. ತೆಳುವಾದ ತರಗಿನ ಮೇಲೆ ಬೆಂಕಿ ತಗ್ಗಾಗಿ ಹರಿದು ಹೋಗುತ್ತಿತ್ತು. ಬಲಿತ ಮರದ ತೊಗಟೆಗೆ ಅದು ನಾಟುತ್ತಿರಲಿಲ್ಲ. ಆಗಷ್ಟೇ ಮೊಳೆತ ಲಂಟಾನದ ಸಸಿ ಸುಟ್ಟು ಹೋಗುತ್ತಿತ್ತು. ಮೊದಲ ಮಳೆಗೆ ಎಳೆ ಹುಲ್ಲು ಬರುತ್ತಿತ್ತು, ಉಣ್ಣೆಗಳ ಕಾಟ ಇಳಿಯುತ್ತಿತ್ತು, ಗೆಣಸು ಅಗೆಯಲು, ನೆಲ್ಲಿ ಆಯಲು, ಜೇನು ಹುಡುಕಲು ಹೋಗುವವರಿಗೆ ಆನೆ ಕರಡಿಗಳು ದೂರದಿಂದಲೇ ಕಾಣುತ್ತಿದ್ದವು. ಎಲ್ಲ ಕಾಡಿಗೂ ಈ ಬೆಂಕಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಿಳಿಗಿರಿಯ ಎತ್ತರದ ಶೋಲಾ ಕಾಡು, ಹಳ್ಳದ ಬದಿಯ ನಿತ್ಯಹಸಿರು ಕಾಡುಗಳಿಗೆ ಬೆಂಕಿ ಹೊಂದುವುದಿಲ್ಲ. ಎಲ್ಲಿ, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ಎನ್ನುವುದರಲ್ಲೇ ಆ ವಿದ್ಯೆ ಇತ್ತು.

ವಿಜ್ಞಾನಿಗಳು ಈ ಮಾತನ್ನು ಒಮ್ಮೆಗೇ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಮೇಲೆ ಹೇಳಿದ ಹಿರೇಮಠ್ ಮತ್ತು ಸುಂದರಂ ಅವರೇ 2005ರಲ್ಲಿ ಇದಕ್ಕೆ ತದ್ವಿರುದ್ಧವಾದ ಊಹೆಯನ್ನು ಮುಂದಿಟ್ಟಿದ್ದರು. ಬೆಂಕಿ ಬಿದ್ದು ಕಾಡು ತೆರವಾದಲ್ಲಿ ಲಂಟಾನ ಬರುತ್ತದೆ, ಒಣಗಿದ ಲಂಟಾನ ಇನ್ನೂ ದೊಡ್ಡ ಬೆಂಕಿಗೆ ಸೌದೆಯಾಗುತ್ತದೆ, ಆ ಬೆಂಕಿ ಇನ್ನಷ್ಟು ಲಂಟಾನಕ್ಕೆ ಜಾಗ ಮಾಡುತ್ತದೆ ಎಂಬ ವಿಷಚಕ್ರದ ಊಹೆ ಅದು. ಆಮೇಲೆ ಸೋಲಿಗ ಹಿರಿಯರ ಜೊತೆ ಕೂತು, ಎಲ್ಲಿ ಯಾವ ವರ್ಷ ಬೆಂಕಿ ಬಿತ್ತು, ಗಿಡ ಯಾವಾಗಿನಿಂದ ಹೆಚ್ಚಿತು ಎಂದು ಕೇಳಿ ಬರೆದುಕೊಂಡಾಗ ಚಿತ್ರದ ಇನ್ನೊಂದು ಮಗ್ಗುಲು ಕಂಡಿತು. ತಮ್ಮ ಊಹೆಗೆ ಎದುರಾದ ಮಾತನ್ನು ಹುಡುಕಿಕೊಂಡು ಹೋಗಿ, ಕೇಳಿ, ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ಈಗ ಎರಡನ್ನೂ ಸೇರಿಸಿ ನೋಡಿದರೆ ವಿರೋಧವೇ ಇಲ್ಲ. ಬೇಸಿಗೆಯ ಮೊದಲಿನ ತಗ್ಗು ಬೆಂಕಿ ಲಂಟಾನದ ಎಳೆ ಸಸಿಯನ್ನು ಕೊಲ್ಲುತ್ತದೆ. ವರ್ಷಗಟ್ಟಲೆ ಬೆಂಕಿ ತಡೆದು, ತರಗು, ಕಡ್ಡಿ ಗುಡ್ಡೆಯಾಗಿ, ಕೊನೆಗೆ ಮಾರ್ಚಿನ ಬಿರುಬಿಸಿಲಲ್ಲಿ ಹೊತ್ತಿದ ಬೆಂಕಿ ಕಾಡನ್ನು ಕೊಲ್ಲುತ್ತದೆ. ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ.

ನೆಲ್ಲಿ ಮರದ ಬಗ್ಗೆಯೂ ಸೋಲಿಗರದು ಇಂಥದ್ದೇ ಮಾತು. ನೆಲ್ಲಿಯ ಕೊಂಬೆಗಳ ಮೇಲೆ ಬೆಳೆಯುವ ಬಂದಳಿಕೆಗೆ ಅವರು ಉಪ್ಪಿಲು ಎನ್ನುತ್ತಾರೆ. ಬೆಂಕಿಯ ಕಾವಿಗೆ ಉಪ್ಪಿಲು ಸಾಯುತ್ತಿತ್ತು, ಬೆಂಕಿ ನಿಂತ ಮೇಲೆ ಅದು ಹೆಚ್ಚಿ ನೆಲ್ಲಿ ಮರಗಳೇ ಸಾಯುತ್ತಿವೆ ಎಂದು ಹೇಳುತ್ತ ಬಂದರು. ಹೊರಗಿನವರು ನೆಲ್ಲಿ ಕಡಿಮೆಯಾಗುತ್ತಿರುವುದಕ್ಕೆ ಕಾಯಿ ಆಯುವ ಸೋಲಿಗರೇ ಕಾರಣ ಎನ್ನುತ್ತಿದ್ದ ಕಾಲವದು. ಬಂದಳಿಕೆ ನೆಲ್ಲಿ ಮರಗಳ ಸಾವಿಗೆ ದೊಡ್ಡ ಕಾರಣ ಎಂಬುದು ಆಮೇಲೆ ಅಧ್ಯಯನಗಳಲ್ಲೂ ಕಂಡುಬಂತು.

ತರಗು ಬೆಂಕಿ ತಾನಾಗಿ ಆರಿದ್ದಲ್ಲ. ಕಾಡಿಗೆ ಬೆಂಕಿ ಎಂದರೆ ಅಪರಾಧ ಎಂಬ ಪಾಠ ಬ್ರಿಟಿಷರ ಕಾಲದ ಅರಣ್ಯ ಇಲಾಖೆಯಿಂದ ಬಂದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದ ಸೋಲಿಗರು ರಸ್ತೆ ಬದಿಯ ಪೋಡುಗಳೆಂಬ ಹಾಡಿಗಳಲ್ಲಿ ನೆಲೆ ನಿಂತರು. ಬೇಟೆಗಾರರಿಂದ, ಮರಗಳ್ಳರಿಂದ ಕಾಡನ್ನು ಉಳಿಸಲು ಕಾನೂನು ಬೇಕಿತ್ತು, ಅದರಿಂದ ಹುಲಿ, ಆನೆ ಉಳಿದವು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಾಡನ್ನು ಕಾಯಲು ಬೇಲಿ ಹಾಕಿದಾಗ ಕಾಡಿನ ಅಂಗಳ ಗುಡಿಸುತ್ತಿದ್ದವರೂ ಬೇಲಿಯಾಚೆ ಉಳಿದುಬಿಟ್ಟರು. ಗುಡಿಸದ ಅಂಗಳದಲ್ಲಿ ಲಂಟಾನ ಬೆಳೆಯಿತು.

ಹಾಗಾದರೆ ನಾಳೆಯೇ ಬೆಂಕಿ ಹಚ್ಚಲು ಬಿಟ್ಟರೆ ಸರಿಹೋಗುತ್ತದೆಯೇ? ಖಂಡಿತ ಇಲ್ಲ. ಇದನ್ನು ಒತ್ತಿ ಹೇಳಬೇಕು. ಇಂದಿನ ಕಾಡು ಸೋಲಿಗ ಅಜ್ಜಂದಿರು ಕಿಡಿ ತಾಗಿಸುತ್ತಿದ್ದ ಕಾಡಲ್ಲ. ಆಗ ನೆಲದಲ್ಲಿ ಇದ್ದದ್ದು ತೆಳು ತರಗು, ಹುಲ್ಲು. ಈಗ ಇರುವುದು ಮರದ ಕೊಂಬೆಯವರೆಗೆ ಹತ್ತಿದ ಒಣ ಲಂಟಾನದ ಅಟ್ಟಣಿಗೆ. ನೆಲದ ಬೆಂಕಿ ಮರದ ತಲೆಗೇರಲು ಅದೇ ಏಣಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿಗೆ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಒಣಗಿ ನಿಂತಿದ್ದ ಲಂಟಾನ ಅದಕ್ಕೆ ಬೇಕಾದಷ್ಟು ಸೌದೆ ಕೊಟ್ಟಿತ್ತು. ಹಳೆಯ ಮದ್ದನ್ನು ಹೊಸ ದೇಹಕ್ಕೆ ಹಾಗೇ ಕೊಡಲಾಗದು. ಮೊದಲು ಲಂಟಾನ ಹೋಗಬೇಕು, ಹುಲ್ಲು ಬರಬೇಕು, ಆಮೇಲೆ ತರಗು ಬೆಂಕಿಯ ಮಾತು.

ತೆಗೆಯುವ ಕೆಲಸವನ್ನೂ ನಾವು ಬಹುಕಾಲ ತಪ್ಪಾಗಿಯೇ ಮಾಡಿದ್ದೇವೆ. ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಸವರಿ ಬಿಟ್ಟರೆ ಒಂದು ಕಡ್ಡಿ ಇದ್ದಲ್ಲಿ ಹತ್ತು ಚಿಗುರುತ್ತವೆ. ಜೆಸಿಬಿ ತಂದು ಬುಡಸಮೇತ ಮಗುಚಿದರೆ ನೆಲ ಕಲಕಿ, ಮಣ್ಣಲ್ಲಿ ಮಲಗಿದ್ದ ಬೀಜವೆಲ್ಲ ಎದ್ದು ಕೂರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಸಿ.ಆರ್. ಬಾಬು ಮತ್ತು ಅವರ ಸಹೋದ್ಯೋಗಿಗಳು ಗಿಡದ ಬೆಳವಣಿಗೆಯನ್ನೇ ಕೂಲಂಕಷವಾಗಿ ನೋಡಿ ಒಂದು ಸರಳ ವಿಧಾನ ಕಂಡುಕೊಂಡರು. ಲಂಟಾನ ಮತ್ತೆ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಹಾಗಾಗಿ ಮಣ್ಣಿನ ಮಟ್ಟಕ್ಕಿಂತ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಹೊದರನ್ನು ಎತ್ತಿ ಬೇರು ಮೇಲಾಗುವಂತೆ ಅಲ್ಲೇ ಮಗುಚಿ ಹಾಕಿದರೆ ಸಾಕು. ಬೇರು ಗಾಳಿಗೆ ಒಣಗುತ್ತದೆ, ಮಣ್ಣು ಕದಡುವುದಿಲ್ಲ. ಉದ್ದ ಹಿಡಿಯ ಗುದ್ದಲಿ ಸಾಕು, ಯಂತ್ರ ಬೇಡ, ವಿಷ ಬೇಡ. ಹಣ್ಣಾಗುವ ಮೊದಲೇ ಮಾಡಬೇಕು ಎನ್ನುವುದೊಂದೇ ಷರತ್ತು. ಕಾರ್ಬೆಟ್, ಸಾತಪುಡಾ ಮೊದಲಾದ ಕಾಡುಗಳಲ್ಲಿ ಇದು ಫಲ ಕೊಟ್ಟಿದೆ.

ತೆಗೆದ ಮೇಲೆ ಏನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನಗೆ ಅದೇ ದೊಡ್ಡ ಪ್ರಶ್ನೆ. ಬರಿದಾದ ನೆಲ ಬರಿದಾಗಿ ಉಳಿಯುವುದಿಲ್ಲ. ಎಷ್ಟೋ ಕಡೆ ಲಂಟಾನ ಹೋದ ಜಾಗಕ್ಕೆ ಕರಾವಳಿಯವರು ಕಮ್ಯುನಿಸ್ಟ್ ಗಿಡ ಎನ್ನುವ ಕಳೆ ಬಂದು ಕೂರುತ್ತದೆ. ನಾಗರಹೊಳೆ, ಬಂಡೀಪುರದ ಅಂಚಿಗೆ ವಯನಾಡಿನ ಕಡೆಯಿಂದ ಹಳದಿ ಹೂವಿನ ಸೆನ್ನಾ ಮರ ನುಗ್ಗುತ್ತಿದೆ. ಅದನ್ನು ನೆರಳಿಗೆ, ಸೌದೆಗೆ ಎಂದು ಒಂದು ಕಾಲಕ್ಕೆ ನೆಟ್ಟವರು ನಾವೇ. ಕಡಿದರೆ ಬುಡದಿಂದ ಹಲವು ಕವಲೊಡೆಯುವ ಆ ಮರ ಲಂಟಾನಕ್ಕಿಂತ ಹಟಮಾರಿ. ಹಾಗಾಗಿ ಕಿತ್ತ ಕಡೆ ಆ ಕಾಡಿನದೇ ಹುಲ್ಲಿನ ಬೀಜ ಬಿತ್ತಬೇಕು, ಸುತ್ತಲಿನ ಮರಗಳ ಸಸಿ ಏಳುವವರೆಗೆ ಕಾಯಬೇಕು. ಇಷ್ಟು ಎಕರೆ ಲಂಟಾನ ತೆರವು ಎಂಬ ವರದಿಗಳನ್ನು ಓದುವಾಗಲೆಲ್ಲ ನನಗೆ ಮೂರನೇ ವರ್ಷ ಅದೇ ಜಾಗದಲ್ಲಿ ಏನಿದೆ ಎಂದು ತಿಳಿಯುವ ಆಸೆ. ಆ ಲೆಕ್ಕ ವರದಿಗಳಲ್ಲಿ ಸಿಗುವುದು ಅಪರೂಪ.

ಕಿತ್ತ ಕಡ್ಡಿಯಿಂದ ಹೊಟ್ಟೆ ಹೊರೆಯುವ ದಾರಿಯೂ ಹುಟ್ಟಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಾಂಡವನ್ನು ಕುದಿಸಿ, ಸಿಪ್ಪೆ ತೆಗೆದು, ಬೆತ್ತದ ಹಾಗೆ ಬಗ್ಗಿಸಿ ಕುರ್ಚಿ, ಸೋಫಾ, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಗೂಡಲೂರಿನ ಬುಡಕಟ್ಟು ಕುಶಲಕರ್ಮಿಗಳು ಹೆಣೆದ ಆಳೆತ್ತರ ಮೀರಿದ ಲಂಟಾನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, ಆಮೇಲೆ ಅಮೆರಿಕದ ಊರುಗಳಲ್ಲಿ ಸಾಲಾಗಿ ನಿಂತವು. ಇದರಿಂದ ಕಾಡಿನ ಲಂಟಾನ ಮುಗಿಯುತ್ತದೆ ಎಂದು ನಾನು ನಂಬುವುದಿಲ್ಲ. ಕೆಲಸಕ್ಕೆ ಬರುವುದು ದಪ್ಪ ನೇರ ಕಾಂಡ ಮಾತ್ರ. ಬೇರು, ಬೀಜ, ಸಣ್ಣ ಕಡ್ಡಿ ಕಾಡಿನಲ್ಲೇ ಉಳಿಯುತ್ತವೆ. ಆದರೂ ಇದು ಬೇಕು. ಕಾಡಿನ ಪಕ್ಕದಲ್ಲೇ ಕೂಲಿ ಹುಟ್ಟಿದರೆ ಕಾಡು ಬಲ್ಲವರು ಕಾಫಿ ತೋಟ, ಕಲ್ಲಿನ ಕ್ವಾರಿಗಳಿಗೆ ಗುಳೆ ಹೋಗುವುದು ಕಡಿಮೆಯಾಗುತ್ತದೆ. ಅವರು ಅಲ್ಲಿ ಇರುವುದೇ ಮುಂದಿನ ಕೆಲಸದ ಮೂಲ ಬಂಡವಾಳ.

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಕಾಯ್ದೆ ಜೇನು, ನೆಲ್ಲಿ ಆಯುವ ಹಕ್ಕನ್ನಷ್ಟೇ ಹೇಳುವುದಿಲ್ಲ, ಕಾಡನ್ನು ಕಾಪಾಡುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನೂ ಹೇಳುತ್ತದೆ. ಗ್ರಾಮಸಭೆ ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕೂತು ಒಂದು ಸಣ್ಣ ಬ್ಲಾಕಿನಲ್ಲಿ ಲಂಟಾನ ತೆಗೆದು, ಹುಲ್ಲು ಬರಿಸಿ, ಬೆಂಕಿರೇಖೆ ಮಾಡಿ, ವಾಚರ್‌ಗಳು ಸುತ್ತ ನಿಂತಿರುವಾಗ ಬೇಸಿಗೆಯ ಮೊದಲಲ್ಲಿ ತರಗು ಬೆಂಕಿ ಬಿಟ್ಟು ನೋಡಬೇಕು, ಪಕ್ಕದ ಬ್ಲಾಕನ್ನು ಹಾಗೇ ಬಿಟ್ಟು ಐದಾರು ವರ್ಷ ಎರಡನ್ನೂ ಎಣಿಸಬೇಕು. ಅದಕ್ಕೆ ಕಾನೂನಿನ ಅನುಮತಿ ಪಡೆಯುವುದು ಕಷ್ಟವಿರಬಹುದು. ಆದರೆ ಬೆಂಕಿ ಎಂದ ಕೂಡಲೇ ಬಾಗಿಲು ಮುಚ್ಚುವ ಅಭ್ಯಾಸದಿಂದ ನಾವು ಕಳೆದುಕೊಂಡದ್ದು ಸಾಕಷ್ಟಿದೆ. ಎಲ್ಲಿ ಕಿಡಿ ಇಡಬೇಕು, ಎಲ್ಲಿ ಇಡಬಾರದು ಎಂದು ಕಣ್ಣಾರೆ ಕಂಡು ಕಲಿತ ಹಿರಿಯರು ಈಗ ಬೆರಳೆಣಿಕೆಯಷ್ಟು.

ಬೆಂಕಿಯ ಅನುಮತಿಗೆ ಕಾಯದೆ ಈ ಮಳೆಗಾಲದಿಂದಲೇ ಮಾಡಬಹುದಾದ ಕೆಲಸವೂ ಒಂದಿದೆ. ಲಂಟಾನ ತೆಗೆದ ಜಾಗದಲ್ಲಿ ಹೊಸ ಸಸಿಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಹಣ್ಣು ತಿಂದ ಹಕ್ಕಿ ಎಲ್ಲಿ ಕೂರುತ್ತದೋ ಅಲ್ಲಿ ಏಳುತ್ತವೆ, ಒಂಟಿ ಮರಗಳ ಬುಡದಲ್ಲಿ, ಹಳ್ಳದ ದಡದಲ್ಲಿ. ಪಿಕಳಾರಗಳ ಗುಂಪು ಯಾವ ಮರಕ್ಕೆ ಸಂಜೆ ಬಂದು ಸೇರುತ್ತದೆ ಎಂಬುದು ಆ ಪೋಡಿನ ಮಕ್ಕಳಿಗೂ ಗೊತ್ತಿರುತ್ತದೆ. ಮಾರ್ಚಿಗೆ ಮುಗಿಯುವ ಗುತ್ತಿಗೆಯ ಆಳುಗಳಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಜೂನಿನಲ್ಲಿ ಅವರು ಅಲ್ಲಿರುವುದಿಲ್ಲ. ಮಳೆ ಬಿದ್ದು ನೆಲ ಮೆತ್ತಗಾದಾಗ ಆ ಮರಗಳ ಬುಡಕ್ಕೆ ಹೋಗಿ ಬಗ್ಗಿದರೆ, ಗೇಣುದ್ದದ ಲಂಟಾನದ ಸಸಿ ಎರಡು ಬೆರಳಿಗೆ ಬೇರುಸಮೇತ ಬರುತ್ತದೆ. ಮುಂದಿನ ವರ್ಷ ಅದಕ್ಕೆ ಗುದ್ದಲಿ ಬೇಕಾಗುತ್ತದೆ.